ಅಮ್ಮನ ಬಾಚಿಹಲ್ಲಿನ ಕಚ್ಚು

ಫೆಬ್ರವರಿ ೮, ಭಾನುವಾರ. ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕುಳಿತಿದ್ದೇನೆ. ಕರೆಂಟು ಹೋಗಿ ಇಪ್ಪತ್ತೆರಡು ನಿಮಿಷವಾಯಿತು.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಸಣ್ಣ ಸದ್ದುಗಳಿಗೆ ಜೀವ ಬರುವುದು ಕರೆಂಟು ಹೋದಾಗ ಮಾತ್ರ. ಮಿಕ್ಕ ಹೊತ್ತೆಲ್ಲ ಎರಡೂ ಬದಿಯ ಮನೆಗಳಲ್ಲಿ ಪವರ್‌ಲೂಮುಗಳು ಓಡುತ್ತಿರುತ್ತವೆ. ಆ ಅಬ್ಬರದಲ್ಲೇ ಬೆಳೆದ ನಾವು ಸಾವಿನ ಮನೆಯಲ್ಲೂ ಕೂಗಿಯೇ ಸಮಾಧಾನ ಹೇಳುವವರೆಂದು ಹೊರಗಿನ ನೆಂಟರು ಆಡಿಕೊಳ್ಳುತ್ತಾರೆ. ಮಗ್ಗ ನಿಂತಾಗ ಎದುರುಮನೆಯ ಕುಕ್ಕರು, ನಲ್ಲಿಯ ತೊಟ್ಟು, ಗೋಡೆಯಾಚೆಯ ಕೆಮ್ಮು ಎಲ್ಲವೂ ಒಂದೊಂದಾಗಿ ಹಾಜರಿ ಹೇಳುತ್ತವೆ. ಅವುಗಳ ಜೊತೆಗೆ, ನಾನು ತೊಟ್ಟಿಲಿನಿಂದ ಕೇಳಿಕೊಂಡು ಬಂದ ಇನ್ನೊಂದು ಸದ್ದಿತ್ತು: ಟಕ್. ಅಮ್ಮ ಬಾಚಿಹಲ್ಲಿನಿಂದ ರೇಷ್ಮೆ ಎಳೆ ಕಡಿಯುವ ಸದ್ದು. ಈ ಹೊತ್ತಿನಲ್ಲಿ ಅಮ್ಮ ಮಗ್ಗದ ಮುಂದೆಯೇ ಕುಳಿತಿದ್ದಾಳೆ, ಎಳೆಯೂ ಅವಳ ಕೈಯಲ್ಲಿದೆ, ಆದರೆ ಆ ಸದ್ದು ಮಾತ್ರ ಇಲ್ಲ.

ಮಗ್ಗಕ್ಕೇರಿಸಿದ ಉದ್ದೆಳೆಗಳ ಒಂದು ಹಾಸು ಮುಗಿದ ಮೇಲೆ ಹಳೆಯ ಹಾಸಿನ ತುದಿಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಸೇರಿಸಬೇಕು. ನೇಯುವಾಗಲೂ ಎಳೆ ತುಂಡಾಗುತ್ತದೆ, ಗಂಟು ಹಾಕಿ ಹೆಚ್ಚಾದ ತುದಿಯನ್ನು ತೆಗೆಯಬೇಕು. ಅದಕ್ಕೆ ಕತ್ತರಿ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಅಮ್ಮನ ಮೊಣಕಾಲಿನ ಪಕ್ಕದಲ್ಲೇ ಇರುತ್ತದೆ. ಆದರೆ ಕತ್ತರಿಯನ್ನು ಕೈಗೆತ್ತಿಕೊಳ್ಳಬೇಕಾದರೆ ಎಳೆಯನ್ನು ಬಿಡಬೇಕು, ಬಿಟ್ಟ ಎಳೆಯನ್ನು ಮತ್ತೆ ಹುಡುಕಬೇಕು. ಬಾಯಿಯಾದರೋ ಸದಾ ಹತ್ತಿರದಲ್ಲಿರುವ ಉಪಕರಣ, ಎಲ್ಲಿಟ್ಟೆನೆಂದು ಹುಡುಕುವ ಪ್ರಮೇಯವಿಲ್ಲ. ಲಂಗ ಉಡುವ ವಯಸ್ಸಿನಿಂದ ಇಂದಿನ ನಲವತ್ತೊಂಬತ್ತರವರೆಗೆ ಹೀಗೆ ಕಡಿದು ಕಡಿದು ಅವಳ ಮೇಲಿನ ಎಡ ಬಾಚಿಹಲ್ಲಿನ ಅಂಚಿನಲ್ಲಿ ಒಂದು ಕಚ್ಚು ಬಿದ್ದಿದೆ. ಎಳೆ ತಾನಾಗಿಯೇ ಹೋಗಿ ಅದರಲ್ಲಿ ಕೂರುತ್ತದೆ, ಸೂಜಿಯ ಕಣ್ಣಿಗೂ ಅಷ್ಟು ವಿಧೇಯವಾಗಿ ಹೋಗುವುದಿಲ್ಲ.

ನನ್ನ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಾನು ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪು ಮಾಡುವವಳು. ಹೈಸ್ಕೂಲಿನಿಂದ ದಿನಚರಿ ಬರೆಯುತ್ತಿದ್ದೇನೆ. ಅದರಲ್ಲಿ ಭಾವನೆಗಳಿಗಿಂತ ಅಂಕಿಗಳೇ ಹೆಚ್ಚು: ಕರೆಂಟು ಹೋದದ್ದೆಷ್ಟು ಸಲ, ಬಸ್ಸಿನಲ್ಲಿ ಸೀಟು ಸಿಕ್ಕಿದ್ದೆಷ್ಟು ಸಲ, ಅಂಗಡಿಯ ಯಜಮಾನರು 'ಐದೇ ನಿಮಿಷ' ಎಂದದ್ದೆಷ್ಟು ಸಲ. "ಇವಳಿಗೆ ಜ್ವರ ಬಂದ್ರೂ ಡಿಗ್ರಿ ಬರ್ಕೊಂಡ್ಮೇಲೇ ನರಳೋದು" ಎಂಬುದು ಅಪ್ಪನ ಅಭಿಪ್ರಾಯ. ಅದು ಸುಳ್ಳೆಂದು ಸಾಧಿಸಲು ಹಳೆಯ ದಿನಚರಿ ತೆಗೆದು ನೋಡಿದೆ. ಸುಳ್ಳಾಗಿರಲಿಲ್ಲ.

ಕಳೆದ ಆಗಸ್ಟಿನಲ್ಲಿ ಅಮ್ಮ ಹಲ್ಲುಜ್ಜಿ ಉಗಿದಾಗ ಬಚ್ಚಲಲ್ಲಿ ಕೆಂಪು ಕಂಡಿತು. ಏಳು ದಿನ ಬರೆದಿಟ್ಟೆ, ಏಳೂ ದಿನ ಕೆಂಪು. ಎಂಟನೆಯ ದಿನ ಅವಳು ಆ ಬಾಚಿಹಲ್ಲನ್ನು ನಾಲಿಗೆಯಿಂದ ತಳ್ಳಿ ತೋರಿಸಿದಳು, ಅದು ಅಲುಗಿತು. ಮನೆಯಲ್ಲಿ ಸಲಹೆಗಳ ಸಂತೆ ನೆರೆಯಿತು. ಅಪ್ಪನ ವಾದ ಸರಳವಾಗಿತ್ತು: "ಮುದ್ದೆ ನುಂಗೋರಿಗೆ ಹಲ್ಲು ಯಾತಕ್ಕೆ?" ಅರಿಶಿನಕುಂಟೆಯ ದೊಡ್ಡಮ್ಮ ತಮ್ಮ ಹೊಸ ಹಲ್ಲು ಸೆಟ್ಟಿನ ಸಮೇತ ಬಂದು ಉಪದೇಶಿಸಿದರು. ಊಟಕ್ಕೆ ಕೂತ ಕೂಡಲೇ ಸೆಟ್ಟನ್ನು ತೆಗೆದು ಸ್ಟೀಲ್ ಲೋಟದ ನೀರಿನಲ್ಲಿಟ್ಟು, "ಎಲ್ಲಾ ಕೀಳಿಸ್ಬಿಡು ಕಣೇ, ನೆಮ್ಮದಿ! ನೋಡು, ಹೆಂಗೆ ಜೋಡಿಸಿದಂಗೈತೆ" ಎಂದರು. ಆ ಲೋಟದೊಳಗಿಂದ ಹದಿನಾಲ್ಕೂ ಹದಿನಾಲ್ಕೂ ಇಪ್ಪತ್ತೆಂಟು ಹಲ್ಲುಗಳು ನಮ್ಮನ್ನು ನೋಡಿ ನಗುತ್ತಿದ್ದವು. ದೊಡ್ಡಮ್ಮ ಮಾತ್ರ ಸೊಪ್ಪಿನ ಸಾರನ್ನು ವಸಡಿನಲ್ಲೇ ನುರಿಸುತ್ತಿದ್ದರು. ಹೊರಗೆ ಹೋಗುವಾಗ ಹಾಕಿಕೊಳ್ಳಲು ಕೊಂಡ ಹಲ್ಲನ್ನು ಊಟಕ್ಕೆ ಹಾಳು ಮಾಡುವುದೇಕೆ ಎಂಬುದು ಅವರ ನಿಲುವು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಮ್ಮವರು ತುಂಡಾದ ಒಂದು ಎಳೆಯನ್ನು ಹುಡುಕಿ ಗಂಟು ಹಾಕಲು ಅರ್ಧ ದಿನ ಮಗ್ಗ ನಿಲ್ಲಿಸುತ್ತಾರೆ, ಅಲುಗಿದ ಹಲ್ಲನ್ನು ಮಾತ್ರ ಕಿತ್ತು ಬಿಸಾಡು ಎನ್ನುತ್ತಾರೆ. ಇದಾವ ನ್ಯಾಯ? ಮರುದಿನವೇ ರಜೆ ಹಾಕಿ ಅಮ್ಮನನ್ನು ಬೆಂಗಳೂರು ದಾರಿಯ ಒಂದು ದಂತ ಕಾಲೇಜಿಗೆ ಕರೆದುಕೊಂಡು ಹೋದೆ.

ಅಲ್ಲಿ ವಸಡಿನ ಕಾಯಿಲೆಯ ಬಗ್ಗೆ ಸಂಶೋಧನೆ ನಡೆಸುತ್ತಿದ್ದ ಒಬ್ಬ ಡಾಕ್ಟರಮ್ಮ ಸಿಕ್ಕರು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬೇಕು. ಗೆರೆ ಗೆರೆ ಗುರುತಿನ ಸಣ್ಣ ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸಿ, ಎಷ್ಟು ಮಿಲಿಮೀಟರು ಒಳಗೆ ಹೋಯಿತೆಂದು ಕೂಗಿ ಬರೆಸುತ್ತಿದ್ದರು: "ಮೂರು, ಮೂರು, ನಾಲ್ಕು." ಹಲ್ಲು ಹಲ್ಲಿಗೂ ಅಂಕಿ ಹಾಕುವ ಇಂಥ ಶಾಸ್ತ್ರವೊಂದು ಭೂಮಿಯ ಮೇಲಿದೆಯೆಂದು ತಿಳಿದು ನಾನು ರೋಮಾಂಚನಗೊಂಡೆ. ಬಾಚಿಹಲ್ಲಿಗೆ ಬಂದಾಗ "ಏಳು" ಎಂದರು. ನನ್ನ ರೋಮಾಂಚನ ಅಲ್ಲಿಗೆ ಇಳಿಯಿತು.

ಅಮ್ಮನನ್ನು ಸಂಶೋಧನೆಗೆ ಸೇರಿಸಿಕೊಂಡರು. ವಸಡಿನ ಅಡಿಯವರೆಗೂ ಹಲ್ಲಿಗೆ ಕಟ್ಟಿದ ಗಾರೆ ತೆಗೆದು ತೊಳೆಯುವುದು, ಕೆಲವರಿಗೆ ಅದರ ಮೇಲೆ ಒಂದು ಹೊಸ ಮುಲಾಮು ಹಾಕಿ ಯಾರ ವಸಡು ಬೇಗ ಗಟ್ಟಿಯಾಗುತ್ತದೆಂದು ಆರು ತಿಂಗಳು ನೋಡುವುದು. ಹೊಗೆಸೊಪ್ಪು, ಎಲೆಅಡಿಕೆ, ಉಗುರು ಕಚ್ಚುವುದು, ಬೇರೆ ಏನಾದರೂ ಅಭ್ಯಾಸವಿದೆಯೇ ಎಂದು ಕೇಳಿದಾಗ ಅಮ್ಮ ಮರ್ಯಾದೆಗೆ ಕುಂದು ಬಂದವಳಂತೆ "ಅಯ್ಯೋ, ಅಂಥದ್ದೆಲ್ಲ ನಮ್ಮನೇಲಿ ಇಲ್ಲಮ್ಮ" ಎಂದಳು. ಸುಳ್ಳೇನಲ್ಲ. ದಾರ ಕಡಿಯುವುದನ್ನು ಅವಳು ಅಭ್ಯಾಸವೆಂದು ಒಂದು ದಿನವೂ ಎಣಿಸಿದವಳಲ್ಲ. ನೀವು ಬರೆಯುವಾಗ ಪೆನ್ನು ಹಿಡಿಯುವುದನ್ನು ಚಟವೆನ್ನುತ್ತೀರಾ?

ಮನೆಗೆ ಕೊಟ್ಟು ಕಳಿಸಿದ ಹಾಳೆಯಲ್ಲಿ ಮೂರು ಕಾಲಮ್ಮುಗಳಿದ್ದವು: ಬೆಳಗಿನ ಉಜ್ಜು, ರಾತ್ರಿಯ ಉಜ್ಜು, ರಕ್ತ. ಮೂರು ಕಾಲಮ್ಮಿನ ಹಾಳೆಯನ್ನು ಮೂರಕ್ಕೇ ಬಿಡುವ ಜೀವ ನನ್ನದಲ್ಲ. ಸ್ಕೇಲಿಟ್ಟು ನಾಲ್ಕನೆಯ ಗೆರೆ ಎಳೆದು 'ಕಡಿದ ಎಳೆ' ಎಂದು ಬರೆದೆ. ಭಾನುವಾರ ಅಮ್ಮನ ಬಳಿ ಕುಳಿತು ನಾನೇ ಎಣಿಸುತ್ತಿದ್ದೆ, ಉಳಿದ ದಿನ ಅವಳು ಸುಣ್ಣದ ಗೋಡೆಯ ಮೇಲೆ ಬಳಪದಲ್ಲಿ ಗೀಟು ಹಾಕುತ್ತಿದ್ದಳು. ಮಾಮೂಲು ದಿನ ನಲವತ್ತು, ಐವತ್ತು. ಹೊಸ ಹಾಸು ಏರಿಸಿದ ದಿನ ಗೋಡೆ ಸಾಲುತ್ತಿರಲಿಲ್ಲ.

ನವೆಂಬರಿನಲ್ಲಿ ಆ ಹಾಳೆಗಳನ್ನು ಹೆಮ್ಮೆಯಿಂದ ಒಪ್ಪಿಸಿದೆ. ಡಾಕ್ಟರಮ್ಮನ ಕಣ್ಣು ನಾಲ್ಕನೆಯ ಕಾಲಮ್ಮಿನಲ್ಲಿ ಸಿಕ್ಕಿಕೊಂಡಿತು. ಹಲ್ಲಿನಲ್ಲಿ ದಾರ ಕಡಿಯುವವರನ್ನು ಈ ಸಂಶೋಧನೆಗೆ ತೆಗೆದುಕೊಳ್ಳುವಂತೆಯೇ ಇಲ್ಲವಂತೆ. ಸಡಿಲವಾದ ಹಲ್ಲಿನ ಮೇಲೆ ದಿನವೂ ಅಷ್ಟು ಜಗ್ಗಾಟ ನಡೆದರೆ ವಾಸಿಯಾದದ್ದು ಮುಲಾಮಿನಿಂದಲೋ ಅಲ್ಲವೋ ತಿಳಿಯುವುದು ಹೇಗೆ? ಅವರು ಒಂದು ಖಾಲಿ ಹಾಳೆಯನ್ನು ನನ್ನ ಕಡೆ ಸರಿಸಿ, ಮೆಲ್ಲಗೆ "ಈ ಕಾಲಮ್ ನಾನು ಕೇಳೇ ಇರ್ಲಿಲ್ಲ ಅಲ್ವಾ?" ಎಂದರು.

ಆ ಮಾತಿನ ಅರ್ಥ ನನಗೆ ಚೆನ್ನಾಗಿಯೇ ಆಯಿತು. ಮೂರು ಕಾಲಮ್ಮನ್ನು ಮತ್ತೆ ಬರೆದುಕೊಟ್ಟರೆ ಅಮ್ಮ ಸಂಶೋಧನೆಯಲ್ಲಿ ಉಳಿಯುತ್ತಾಳೆ, ಇನ್ನೂ ಮೂರು ತಿಂಗಳು ಅದೇ ಡಾಕ್ಟರಮ್ಮ, ಅದೇ ಕುರ್ಚಿ. ಬರೆಯದಿದ್ದರೆ ಹೊರಗಿನ ಉದ್ದ ಸಾಲು, ಆ ಸಾಲಿನ ಕೊನೆಯಲ್ಲಿ ಯಾರ ಇಕ್ಕಳವೋ ಏನೋ. ಪೆನ್ನಿನ ಮುಚ್ಚಳ ತೆಗೆದೆ. ಇಷ್ಟು ವರ್ಷ ಸೀಟು ಸಿಗದ ಬಸ್ಸಿನ ಬಗ್ಗೆಯೂ ಸುಳ್ಳು ಬರೆಯದವಳು ಅಮ್ಮನ ಹಲ್ಲಿಗಾಗಿ ಬರೆಯಲು ಹೊರಟಿದ್ದೆ. ಅಮ್ಮ ಕುರ್ಚಿಯಿಂದಲೇ ಕೈ ಚಾಚಿ ಪೆನ್ನು ಕಿತ್ತುಕೊಂಡಳು.

"ಕಡ್ದಿರೋದು ನಿಜ ತಾನೇ? ಅದನ್ಯಾಕೆ ಅಳಿಸ್ತೀಯ?" ಎಂದು ನನಗೆ ಹೇಳಿ, ಆಮೇಲೆ ಅವರ ಕಡೆ ತಿರುಗಿದಳು. "ನೋಡಮ್ಮ, ನನ್ನ ಹಲ್ಲು ನಿಮ್ಮ ಪುಸ್ತಕಕ್ಕೆ ಬೇಡ ಅಂದ್ರೆ ಬೇಡ. ನನಗೆ ಬೇಕು."

ಹೀಗೆ ನನ್ನ ಲೆಕ್ಕಾಚಾರದ ದೆಸೆಯಿಂದ ಅಮ್ಮ ಹೊರಬಿದ್ದಳು. ಆ ದಿನ ಬಸ್ಸಿನಲ್ಲಿ ಸೀಟು ಸಿಕ್ಕಿತೋ ಇಲ್ಲವೋ ದಿನಚರಿಯಲ್ಲಿಲ್ಲ.

ಸಾಮಾನ್ಯ ಸಾಲಿನ ಹಿರಿಯ ಡಾಕ್ಟರು ಕೀಳುವುದೇ ಒಳ್ಳೆಯದೆಂದರು. ಹಲ್ಲು ಕಿತ್ತು, ಅದರ ಎರಡೂ ಪಕ್ಕದ ಹಲ್ಲುಗಳನ್ನು ಅರೆದು ಸಣ್ಣ ಮಾಡಿ, ಮೂರನ್ನೂ ಸೇರಿಸಿ ಪಿಂಗಾಣಿಯ ಸೇತುವೆ ಕೂರಿಸುವುದು. ಬಣ್ಣ ಹೊಂದಿಸಲು ಬಿಳಿಯ ನಾನಾ ಛಾಯೆಯ ಹಲ್ಲುಗಳ ಒಂದು ಸಾಲನ್ನು ತಂದು ಅಮ್ಮನ ತುಟಿಗೆ ಹಿಡಿದರು. ನಮ್ಮಲ್ಲಿ ನೂಲಿನ ಬಣ್ಣಕ್ಕೂ ಇಂಥದೇ ಶೇಡ್ ಕಾರ್ಡ್ ಇರುತ್ತದೆ. ಅಮ್ಮ ಕನ್ನಡಿ ಇಸಿದುಕೊಂಡು ನೋಡಿ, ತನ್ನ ಬಣ್ಣ ಮೂರನೆಯದಕ್ಕೂ ನಾಲ್ಕನೆಯದಕ್ಕೂ ಮಧ್ಯದ್ದು, ಅದು ಇದರಲ್ಲಿ ಇಲ್ಲವೆಂದು ತೀರ್ಪು ಕೊಟ್ಟಳು. ಆಮೇಲೆ ಕೇಳಿದಳು:

"ಇದ್ರಲ್ಲಿ ದಾರ ಕಡೀಬೌದಾ ಸಾರ್?"

"ಇಲ್ಲಮ್ಮ, ಚಕ್ಕೆ ಏಳತ್ತೆ."

"ಮತ್ಯಾತಕ್ಕೆ?"

"ನಗೋಕಮ್ಮ. ಮುಂದಿನ ಹಲ್ಲಲ್ವಾ?"

"ನಗೋಕೆ ಹಲ್ಲೇ ಬೇಕಾ? ಮನೇಲಿ ಇವಳಿದಾಳೆ, ಸಾಕು" ಎಂದು ನನ್ನನ್ನು ತೋರಿಸಿದಳು. ಡಾಕ್ಟರು ಹಲ್ಲು ಬಿಟ್ಟು ನಕ್ಕರು. ಕೀಳುವ ಮಾತು ಅಲ್ಲಿಗೆ ತುಸು ಸಡಿಲವಾಯಿತು.

ಬೇರೆ ದಾರಿಯೇ ಇಲ್ಲವೇ ಎಂದು ನಾನು ಪಟ್ಟು ಹಿಡಿದೆ. ಇತ್ತು. ಸಂಶೋಧನೆಯ ಡಾಕ್ಟರಮ್ಮನೇ ತಮ್ಮ ಊಟದ ಬಿಡುವಿನಲ್ಲಿ ಬಂದು ಹೇಳಿದರು: ಅಲುಗುವ ಹಲ್ಲನ್ನು ಒಳಬದಿಯಿಂದ ಅಕ್ಕಪಕ್ಕದ ಗಟ್ಟಿ ಹಲ್ಲುಗಳಿಗೆ ಸೇರಿಸಿ ಕಟ್ಟಬಹುದು. ಎಷ್ಟು ದಿನ ಬಾಳುತ್ತದೆಂದು ಹೇಳಲಾರೆ, ಮೂರು ತಿಂಗಳು ಅದರಲ್ಲಿ ಒಂದು ಎಳೆಯನ್ನೂ ಕಡಿಯಕೂಡದು. ಕಟ್ಟಲು ಅವರು ತೆಗೆದದ್ದು ಉಗುರಿಗಿಂತ ಕಿರಿದಾದ ಒಂದು ಬಿಳಿಯ ಪಟ್ಟಿ. ಅಮ್ಮ "ಸ್ವಲ್ಪ ಕೊಡಿ" ಎಂದು ಕೇಳಿ, ಚಿಮಟದ ತುದಿಯಲ್ಲಿದ್ದ ಅದನ್ನು ಕಿಟಕಿಯ ಬೆಳಕಿಗೆ ಹಿಡಿಸಿ ನೋಡಿದಳು. ಅವಳ ಕಣ್ಣು ಸೀರೆಯ ಸೆರಗು ನೋಡುವಾಗಿನಂತೆ ಕಿರಿದಾಯಿತು.

"ಇದು ನೇಯ್ದಿರೋದು ಕಣಮ್ಮ! ನೋಡಿ, ಎಳೆ ಹೆಂಗೆ ಒಂದರಲ್ಲೊಂದು ಸಿಕ್ಕಿಕೊಂಡೈತೆ. ಅದಕ್ಕೇ ಜಗ್ಗಲ್ಲ."

ಡಾಕ್ಟರಮ್ಮ ಇದನ್ನು ಎಷ್ಟೋ ಬಾಯಿಗಳಿಗೆ ಕಟ್ಟಿದ್ದರೂ ಎಂದೂ ನೇಯ್ಗೆಯೆಂದು ನೋಡಿರಲಿಲ್ಲವಂತೆ. ಅಳತೆಗೆ ಕತ್ತರಿಸಹೋದಾಗ ಸಾಧಾರಣ ಕತ್ತರಿಗೆ ಅದು ಜಗ್ಗದೆ, ಬೇರೆ ಕತ್ತರಿ ಬರುವವರೆಗೂ ಕಾಯಬೇಕಾಯಿತು. ಆಗ ಅಮ್ಮ, "ಇಲ್ಲಿ ಕೊಡಿ, ನಾನು ಕಡಿದು ಕೊಡ್ತೀನಿ" ಎಂದಳು. ಬಾಯಿ ತೆರೆದುಕೊಂಡು ಮಲಗಿದ್ದ ಹೆಂಗಸು ಆಡಿದ ಈ ಮಾತಿಗೆ ಆ ಕೋಣೆಯಲ್ಲಿ ನಗದವರು ಯಾರೂ ಇರಲಿಲ್ಲ. ಪಟ್ಟಿ ಅಂಟಿಸಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದ ಮೇಲೆ, ಹಾಗೆಯೇ ಅಂಚಿನ ಕಚ್ಚನ್ನೂ ತುಂಬಿ ನಯ ಮಾಡಿಕೊಡಲೇ ಎಂದು ಅವರು ಕೇಳಿದರು. ಅಮ್ಮ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು. "ಅದು ನಂದು. ಮುಟ್ಟಬೇಡಿ."

ಸಂಶೋಧನೆಯ ಮೇಲೆ ನನಗೆ ಹಗೆಯಿಲ್ಲ. ಗೊಂದಲವಿಲ್ಲದ ಕಾಲಮ್ಮು ಎಷ್ಟು ಸುಖವೆಂದು ನನಗಿಂತ ಚೆನ್ನಾಗಿ ಯಾರು ಬಲ್ಲರು? ಆದರೆ ಬಾಯಿಗೆ ಬೇರೆ ಕೆಲಸವಿಲ್ಲದವರ ವಸಡನ್ನಷ್ಟೇ ಅಳೆದು ಬರೆದ ಪುಸ್ತಕ ನಮ್ಮ ಬೀದಿಯ ವಸಡಿನ ಬಗ್ಗೆ ಏನು ಹೇಳೀತು? ಡಿಸೆಂಬರಿನಲ್ಲಿ ಟಾರ್ಚು ಹಿಡಿದು ನಾನೇ ಮನೆಮನೆಗೆ ಹೋದೆ. "ಏನವ್ವಾ, ಹಸು ವ್ಯಾಪಾರಕ್ಕೆ ಬಂದಿದೀಯಾ?" ಎಂದು ಮೂಲೆಮನೆಯ ಅಜ್ಜಿ ಕೇಳಿದರೂ ಬಾಯಿ ತೆರೆದರು. ಹದಿನಾಲ್ಕು ಬಾಯಿ ನೋಡಿದೆ, ಒಂಬತ್ತರಲ್ಲಿ ಕಚ್ಚು. ಹತ್ತನೆಯವರು ತಮಗೂ ಇತ್ತು, ಹಲ್ಲಿನ ಜೊತೆ ಹೋಯಿತು ಎಂದರು. ಅದಕ್ಕೆ ಇನ್ನೊಂದು ಕಾಲಮ್ಮು ಎಳೆದೆ. ಈ ಪಟ್ಟಿಯ ಒಂದು ಪ್ರತಿಯನ್ನು ಡಾಕ್ಟರಮ್ಮನಿಗೆ ಕೊಟ್ಟು, "ಇವರನ್ನು ಹೊರಗಿಟ್ಟಿದ್ದು ಸರಿಯಿರಬಹುದು. ಇವರಿಗಾಗಿಯೇ ಒಂದು ಸಂಶೋಧನೆ ಮಾಡದಿರುವುದು ಸರಿಯಲ್ಲ" ಎಂದು ಕೆಳಗೆ ಟೈಪು ಮಾಡಿದ್ದೆ. ಅವರು ಅದನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು. ಬಿಸಾಡಲಿಲ್ಲ ಎಂಬುದಷ್ಟೇ ಇಂದಿನವರೆಗಿನ ವರದಿ.

ಮೊನ್ನೆ ಮತ್ತೆ ಕಡ್ಡಿ ಇಳಿಸಿ ಅಳೆದರು. ಏಳಿದ್ದದ್ದು ನಾಲ್ಕಾಗಿದೆ. ಹಲ್ಲು ಅಲುಗುವುದಿಲ್ಲ. ಮೂರು ತಿಂಗಳ ಗಡುವು ಈ ತಿಂಗಳ ಕೊನೆಗೆ ಮುಗಿಯುತ್ತದೆ, ಆಮೇಲೆ ಏನೆಂದು ಅಮ್ಮ ಹೇಳುತ್ತಿಲ್ಲ, ನಾನೂ ಕೇಳುತ್ತಿಲ್ಲ.

ಕತ್ತರಿಗೆ ದಾರ ಕಟ್ಟಿ ಅವಳ ಕೊರಳಿಗೆ ಹಾಕಿದ್ದೇನೆ. ಈಗ ಅವಳ ಹಾಳೆಯಲ್ಲಿ ಐದು ಕಾಲಮ್ಮುಗಳು. ಬಚ್ಚಲಿನ ಕೆಂಪು ಜನವರಿಯಿಂದ ಸೊನ್ನೆ. 'ಕಡಿದ ಎಳೆ' ಹಲ್ಲು ಕಟ್ಟಿದ ಮೊದಲ ವಾರ ಆರು, ಆಮೇಲೆ ಸೊನ್ನೆ. ಐದನೆಯದಕ್ಕೆ 'ಬಾಯಿಯವರೆಗೆ ಹೋಗಿ ಮರಳಿದ ಎಳೆ' ಎಂದು ಹೆಸರಿಟ್ಟಿದ್ದೇನೆ. ಗಂಟು ಹಾಕಿದ ಕೈ ಹಳೆಯ ದಾರಿಯಲ್ಲೇ ತುಟಿಯವರೆಗೂ ಏರುತ್ತದೆ, ಎಳೆ ಕಚ್ಚಿನಲ್ಲಿ ಕೂರುತ್ತದೆ, ಅಲ್ಲಿ ಒಂದು ಗಳಿಗೆ ನಿಂತು ಮತ್ತೆ ಇಳಿಯುತ್ತದೆ. ನಿನ್ನೆ ಹೀಗೆ ಮರಳಿದವು ಮೂವತ್ತೊಂದು.

ಇಗೋ, ಮಗ್ಗದ ಕಡೆಯಿಂದ 'ಕಚಕ್' ಎಂದಿತು, ಕತ್ತರಿ. ಅದರ ಹಿಂದೆಯೇ ಅಮ್ಮನ ಗೊಣಗು: "ಹಾಳಾದ್ದು, ಎಳೆ ಎಲ್ಲೋಯ್ತು?" ಇದು ಇವತ್ತು ಮರಳಿದ ಎಷ್ಟನೆಯ ಎಳೆಯೋ, ಹೋಗಿ ಗೀಟು ನೋಡಬೇಕು.

ಹಲ್ಲಿನಲ್ಲಿ ನೂಲು ಕಡಿಯುವ ನೇಕಾರರು, ಹೂ ಕಟ್ಟುವವರು, ಬಟ್ಟೆ ಹೊಲಿಯುವವರು ನಿಮ್ಮ ಮನೆಯಲ್ಲಿದ್ದರೆ, ಹೀಗೆ ಕಟ್ಟಿಸಿಕೊಂಡ ಹಲ್ಲು ಯಾರಿಗಾದರೂ ಎಷ್ಟು ವರ್ಷ ಬಾಳಿದೆಯೆಂದು ಗೊತ್ತಿದ್ದರೆ, ಅಥವಾ ಅಂಥವರ ವಸಡನ್ನೇ ಅಳೆದು ಬರೆದ ಡಾಕ್ಟರು ಯಾರಾದರೂ ಇದ್ದರೆ, ದಯವಿಟ್ಟು ತಿಳಿಸಿ. ಹಾಳೆಯ ಬಲಗಡೆ ಇನ್ನೂ ಎರಡು ಬೆರಳು ಜಾಗವಿದೆ. ಗೆರೆ ಎಳೆದು ಇಟ್ಟುಕೊಂಡಿದ್ದೇನೆ.