ನೀರು ಕುಡಿಸಿದ ಕಾರು

ನಮ್ಮ ಕಾರು ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಕಾಯಿಲೆಯವರ ಹೆಸರನ್ನು ಹೊರಗೆ ಬಿಟ್ಟುಕೊಡಬಾರದೆಂಬುದು ನನ್ನ ವೃತ್ತಿಯ ಶಿಸ್ತು. ಸಿದ್ದಾಪುರ ಪೇಟೆಯಲ್ಲಿ ಸಕ್ಕರೆ ಗುಳಿಗೆ ಕೊಡುವ ಹೋಮಿಯೋಪತಿ ವೈದ್ಯ ನಾನು. ಮನೆ ಕೋಲಸಿರ್ಸಿಯಲ್ಲಿ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ, ಅದಾಗಲೇ ಇಬ್ಬರು ಯಜಮಾನರನ್ನು ಕಂಡು ಬೇಸತ್ತಿದ್ದ ಈ ಕಾರು ನಮ್ಮ ಅಂಗಳಕ್ಕೆ ಬಂತು. ಬಂದ ವರ್ಷದಲ್ಲೇ ಅದಕ್ಕೆ ಜ್ವರ ಹಿಡಿಯಿತು.

ವಿಚಿತ್ರವೆಂದರೆ ಆ ಜ್ವರ ಎಲ್ಲ ದಾರಿಯಲ್ಲೂ ಬರುತ್ತಿರಲಿಲ್ಲ. ದಿನಾ ದವಾಖಾನೆಗೆ ಹೋಗಿ ಬಂದರೆ ಏನೂ ಇಲ್ಲ. ರೋಗಿ ನೋಡಲು ಹೇರೂರಿಗೆ ಹೋದರೂ ತಣ್ಣಗಿರುತ್ತಿತ್ತು. ಶಿರಸಿ ದಾಟಿ ಯಲ್ಲಾಪುರದ ದಾರಿ ಹಿಡಿದು, ಬೇಡ್ತಿ ಸೇತುವೆಯ ಆಚೆ ಏರು ಶುರುವಾಯಿತೋ, ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಗಿ ನಿಲ್ಲುತ್ತಿತ್ತು. ಬಾನೆಟ್ಟಿನ ಸಂದಿಯಿಂದ ಹಬೆ. ಇಳಿದು, ಆರುವವರೆಗೆ ಕಾದು ನೋಡಿದರೆ ರೇಡಿಯೇಟರಿನ ಅರ್ಧ ನೀರು ನಾಪತ್ತೆ. ರೋಗ ಯಾವ ಹೊತ್ತಿಗೆ ಏರುತ್ತದೆ, ಯಾವ ಮಗ್ಗುಲಿಗೆ ಮಲಗಿದರೆ ಇಳಿಯುತ್ತದೆ ಎಂಬುದಕ್ಕೆ ನಮ್ಮ ವೈದ್ಯದಲ್ಲಿ ಬಹಳ ಬೆಲೆ. ಆದರೆ ಉತ್ತರಕ್ಕೆ ಮುಖ ಮಾಡಿದರೆ ಮಾತ್ರ ಬರುವ ಜ್ವರವನ್ನು ನಾನು ಎಲ್ಲೂ ಓದಿರಲಿಲ್ಲ.

ಯಲ್ಲಾಪುರ ನನ್ನ ಹೆಂಡತಿ ಸರೋಜಳ ತವರು. ಅವಳಿಗೆ ಬಸ್ಸು ಆಗುವುದಿಲ್ಲ. ಹತ್ತುವುದೂ ಬೇಡ, ಬಸ್‌ ಸ್ಟ್ಯಾಂಡಿನ ಹೊಗೆ ಮೂಗಿಗೆ ಬಡಿದರೆ ಸಾಕು, ಮುಖ ಬಿಳಿಚಿಕೊಳ್ಳುತ್ತದೆ. ಊರಿಗೆಲ್ಲ ನಾಟಿದ ನನ್ನ ಗುಳಿಗೆ ಅವಳಿಗೆ ಮಾತ್ರ ನಾಟಲಿಲ್ಲ. ಮದುವೆಯಾದ ಮೊದಲ ವರ್ಷಗಳಲ್ಲಿ ಅವಳು ತವರಿಗೆ ಹೋಗುತ್ತಿದ್ದದ್ದು ವರ್ಷಕ್ಕೊಮ್ಮೆ. ಹೋದ ದಿನ ಮಲಗಿ, ಬಂದ ದಿನ ಮತ್ತೆ ಮಲಗುತ್ತಿದ್ದಳು. ಕಾರು ತೆಗೆದುಕೊಂಡದ್ದೇ ಇದಕ್ಕಾಗಿ. ಅದು ಬಂದ ಮೇಲೆ ತಿಂಗಳಿಗೊಮ್ಮೆ ತಾಯಿಯ ಮುಖ ಕಾಣುವಂತಾಯಿತು. ಹಾಗಾಗಿ ಕಾರು ಕೈಕೊಟ್ಟರೆ ಅವಳ ತವರಿನ ದಾರಿಯೇ ಮುಚ್ಚಿದಂತೆ. ಇಷ್ಟೆಲ್ಲ ಗೊತ್ತಿದ್ದೂ, ಮೂರನೆಯ ಸಲ ಅದೇ ಏರಿನಲ್ಲಿ ಹಬೆ ಎದ್ದಾಗ ನಾನು ಪಿತ್ತ ನೆತ್ತಿಗೇರಿ ಅಂದಿದ್ದೆ: "ಇನ್ನೊಂದ್ಸಲ ನೀರು ಕಮ್ಮಿ ಆದ್ರೆ ಇದ್ನ ಮಾರ್ತೆ, ನೋಡು." ಸರೋಜ ಏನೂ ಹೇಳಲಿಲ್ಲ. ಮೌನವೂ ಒಂದು ಲಕ್ಷಣ ಎಂದು ವೈದ್ಯನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಕಾರನ್ನು ಶಿರಸಿಯ ಬಸಣ್ಣನಿಗೆ ತೋರಿಸಿದೆ. ಹಾವೇರಿ ಕಡೆಯಿಂದ ಬಂದು ಗ್ಯಾರೇಜು ಇಟ್ಟವನು, ಕಡಿಮೆ ಮಾತಿನ ಮನುಷ್ಯ. ರೇಡಿಯೇಟರ್ ತೊಳೆದ. ರಬ್ಬರ್ ಪೈಪು ಬದಲಿಸಿದ, ಮುಚ್ಚಳವನ್ನೂ ಬದಲಿಸಿದ. ಬರಿ ನೀರಿನ ಬದಲು, ಇಂಜಿನ್ ತಂಪಿಡುವ ಹಸಿರು ಬಣ್ಣದ ಕೂಲಂಟ್ ತುಂಬಿದ. ಇಂಜಿನ್ನಿನ ಎಣ್ಣೆಯನ್ನು ಕಡ್ಡಿಯಲ್ಲಿ ಎತ್ತಿ ನೋಡಿದ. ಒಳಗೆ ನೀರು ಸೇರಿದ್ದರೆ ಅದು ಮಜ್ಜಿಗೆಯಂತೆ ಬೆಳ್ಳಗಾಗುತ್ತದಂತೆ. ಹಾಗೇನೂ ಆಗಿರಲಿಲ್ಲ. ಕೊನೆಗೆ, "ದಿನಾ ಮುಂಜಾನೆ ಮುಚ್ಚಳ ತಗದು ನೋಡ್ರಿ. ಎಷ್ಟು ಇಳೀತೈತಿ ಅಂತ ಬರದಿಡ್ರಿ" ಎಂದ.

ಬರೆದಿಡುವುದು ನನಗೆ ಇಷ್ಟದ ಕೆಲಸ. ರೋಗಿಗಳಿಗೆ ಮಾಡುವಂತೆ ಕಾರಿಗೂ ಒಂದು ಹಾಳೆ ಮಾಡಿದೆ. ಬೆಳಿಗ್ಗೆ ಎದ್ದು, ಕಾಫಿ ಕುಡಿದು, ಮುಚ್ಚಳ ತಿರುಗಿಸಿ ಇಣುಕುತ್ತಿದ್ದೆ. ಸೋಮವಾರ ತುಂಬಿದೆ. ಮಂಗಳವಾರ ತುಂಬಿದೆ. ಇಡೀ ತಿಂಗಳು ತುಂಬಿಯೇ ಇತ್ತು. ಆಮೇಲೆ ಯಲ್ಲಾಪುರಕ್ಕೆ ಹೊರಟರೆ ಅದೇ ಏರು, ಅದೇ ಹಬೆ. ಹಾಳೆ ನೋಡಿದ ಬಸಣ್ಣನ ಮುಖ ಸಣ್ಣದಾಯಿತು. "ದಿನಾ ಇಳಿಯಂಗಿಲ್ಲ, ಏರಿನಾಗ ಒಮ್ಮೆಲೇ ಕುದೀತೈತಿ ಅಂದ್ರ ಒಳಗಿಂದೇ ರೋಗ. ಇಂಜಿನ್ ಬಿಚ್ಚಬೇಕ್ರಿ." ಈ ವಯಸ್ಸಿನಲ್ಲಿ ಬಿಚ್ಚಿದರೆ ಮತ್ತೆ ಮೊದಲಿನಂತಾಗುವ ಭರವಸೆ ಕೊಡಲಾರೆ ಎಂದೂ ಸೇರಿಸಿದ. ಶಸ್ತ್ರಚಿಕಿತ್ಸೆಯ ಮಾತು ಕೇಳಿದ ರೋಗಿಯ ಕಡೆಯವರಿಗೆ ಏನಾಗುತ್ತದೆಂದು ಅವತ್ತು ಗೊತ್ತಾಯಿತು.

ಬಿಚ್ಚುವ ದಿನ ಬಸಣ್ಣ ಮೊದಲು ರೇಡಿಯೇಟರಿನ ಮುಚ್ಚಳ ತೆಗೆದು ಬೆರಳು ಅದ್ದಿದ. ಬೆಳಕಿಗೆ ಹಿಡಿದು ನೋಡಿದ.

"ಡಾಕ್ಟ್ರ, ಇದರಾಗಿನ ಹಸಿರು ಎಲ್ಲಿ ಹೋತ್ರಿ?"

ಒಳಗಿದ್ದದ್ದು ತಿಳಿನೀರು. ಅವತ್ತು ಏರಿನಲ್ಲಿ ನಾನು ಸುರಿದದ್ದು ಅರ್ಧದಷ್ಟು ನೀರು, ಉಳಿದರ್ಧವಾದರೂ ಹಸಿರಿರಬೇಕಿತ್ತು. ಹಸಿರು ಔಷಧ ದಿನದಿನಕ್ಕೆ ತೆಳುವಾಗಿ ಕೊನೆಗೆ ಹೆಸರಷ್ಟೇ ಉಳಿದಿತ್ತು. ಔಷಧ ತೆಳುವಾದಷ್ಟೂ ಬಲ ಹೆಚ್ಚು ಎನ್ನುವ ನನ್ನ ಶಾಸ್ತ್ರದ ಪ್ರಕಾರ ಅದರ ಶಕ್ತಿ ಆಗ ನೂರ್ಮಡಿ ಆಗಬೇಕು. ಕಾರಿಗೆ ಈ ಶಾಸ್ತ್ರದಲ್ಲಿ ನಂಬಿಕೆ ಇರಲಿಲ್ಲ. ಬಸಣ್ಣನೇ ಕಲಬೆರಕೆ ಮಾಲು ತುಂಬಿದ್ದಾನೆಂದು ನನ್ನ ಸಣ್ಣ ಬುದ್ಧಿ ಒಂದು ಕ್ಷಣ ಯೋಚಿಸಿತು. ಅವನು ಹಾಗೆಲ್ಲ ಯೋಚಿಸಲಿಲ್ಲ. "ನಾ ಹಾಕಿಲ್ಲ, ದಿನಾ ನೀವೂ ಹಾಕಿಲ್ಲ. ಆದ್ರೂ ತುಂಬೈತಿ ಅಂದ್ರ ಯಾರೋ ಹಾಕ್ಯಾರ. ಮನ್ಯಾಗ ಕೇಳ್ರಿ" ಎಂದು ಸ್ಪ್ಯಾನರ್ ಕೆಳಗಿಟ್ಟ.

ಮನೆಯಲ್ಲಿ ಕೇಳಲು ಹೆಚ್ಚು ಹುಡುಕಬೇಕಾಗಿರಲಿಲ್ಲ. ನಮ್ಮ ಕಡೆ ಜಗುಲಿ ಹತ್ತಿದವರನ್ನು, ಅವರು ಯಾರೇ ಇರಲಿ, ಮೊದಲು ಕೇಳುವುದೇ "ಆಸ್ರಿಗೆ ಎಂತ ಅಕ್ಕು?" ಎಂದು. ಬಾಯಾರಿಕೆಗೆ ಏನು ಕೊಡಲಿ ಎಂದರ್ಥ. ಬಾಯಾರಿದವರನ್ನು ಹಾಗೇ ಕಳಿಸಿದರೆ ಮನೆಯ ಮರ್ಯಾದೆ ಹೋದಂತೆ. ದೋಸೆಗೆ ರುಬ್ಬುತ್ತಿದ್ದ ಸರೋಜ ನನ್ನ ಪ್ರಶ್ನೆಗೆ ತಲೆ ಎತ್ತದೆ ನಕ್ಕಳು.

"ಹೌದು, ಆನೇ ಹಾಕ್ತಿದ್ದೆ. ಬೆಳಿಗ್ಗೆ ಹೂ ಕೊಯ್ಯಲೆ ಹೋದಾಗ ಮುಚ್ಚಳ ತೆಗ್ದು ನೋಡ್ತಿದ್ದೆ. ಅರ್ಧ ಚೊಂಬು ಹಿಡೀತಿತ್ತು. ಬಂದವ್ಕೆಲ್ಲ ಆಸ್ರಿಗೆ ಕೊಡ್ತ್ಯ, ಕಾರಿಗೆ ಕೊಟ್ರೆ ಎಂತಾತು?"

ಆಮೇಲೆ ನಗು ನಿಂತಿತು. "ನೀರು ಕಮ್ಮಿ ಆದ್ರೆ ಮಾರ್ತೆ ಹೇಳಿದ್ರಲಿ ನಿಂಗ. ಬಸ್ಸಲ್ಲಿ ಹೋಪಲೆ ಯಂಗೆ ಆಗ್ತಿಲ್ಲೆ."

ನನಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ಬಂದ ರೋಗಿಗಳನ್ನೆಲ್ಲ ನಿದ್ದೆ ಹೇಗೆ, ಕನಸು ಎಂಥದು, ಯಾವ ಮಾತಿಗೆ ಅಳು ಬರುತ್ತದೆ ಎಂದು ಅರ್ಧ ಗಂಟೆ ಕೇಳುವವನು ನಾನು. ನನ್ನ ಸಿಟ್ಟಿನ ಒಂದು ಮಾತಿಗೆ ಹೆದರಿ ತಿಂಗಳುಗಟ್ಟಲೆ ನಸುಕಿನಲ್ಲಿ ಚೊಂಬು ಹಿಡಿದು ನಿಂತವಳನ್ನು ಏನೂ ಕೇಳಿರಲಿಲ್ಲ. "ಮಾರ್ತಿಲ್ಲೆ. ಎಂತ ಆದ್ರೂ ಮಾರ್ತಿಲ್ಲೆ" ಎಂದೆ. ಅವಳು ರುಬ್ಬುವುದನ್ನು ಮುಂದುವರಿಸಿದಳು.

ಮುಂದಿನ ಒಂದು ವಾರ ನೀರು ಹಾಕದೆ ನೋಡಬೇಕೆಂದು ಬಸಣ್ಣನ ಅಪ್ಪಣೆಯಾಯಿತು. ಈಗ ಬೆಳಿಗ್ಗೆ ಇಬ್ಬರೂ ಹೋಗಿ ತೆಂಗಿನ ಕಡ್ಡಿ ಇಳಿಬಿಟ್ಟು ಅಳೆಯುತ್ತಿದ್ದೆವು. ದಿನಾ ಇಳಿಯುತ್ತಿತ್ತು. ಸೋರುತ್ತದೆಂದು ಖಾತ್ರಿಯಾಗಿ ಸಂತೋಷಪಟ್ಟ ಕಾರಿನ ಯಜಮಾನ ನಾನೊಬ್ಬನೇ ಇರಬೇಕು. ಬಸಣ್ಣ ಇಂಜಿನ್ ಕಾಯಿಸಿ, ಸಂದಿಯಲ್ಲಿ ಪುಟ್ಟ ಕನ್ನಡಿ ಹಿಡಿದು ಜಾಗ ಹುಡುಕಿಯೇಬಿಟ್ಟ. ನೀರು ತಿರುಗಿಸುವ ಪಂಪಿನ ಅಡಿಯಲ್ಲಿ ಸಣ್ಣದೊಂದು ತೂತು. ಅಲ್ಲಿಂದ ಹನಿ ಜಿನುಗಿ ಬಿಸಿ ಕಬ್ಬಿಣದ ಮೇಲೆ ಬಿದ್ದು ಅಲ್ಲೇ ಆರಿಹೋಗುತ್ತಿತ್ತು. ನೆಲಕ್ಕೆ ಬೀಳದ್ದರಿಂದ ನಮಗೆ ಕಂಡಿರಲಿಲ್ಲ. ಮೊದಲು ಹನಿಯಷ್ಟಿದ್ದ ಸೋರಿಕೆ ಬರಬರುತ್ತ ಹೆಚ್ಚಾಗಿತ್ತು. ಚಿಕ್ಕ ಓಡಾಟದಲ್ಲಿ ಅರ್ಧ ಚೊಂಬು ಹೋದರೆ ಯಲ್ಲಾಪುರದ ಏರಿನಲ್ಲಿ ಅರ್ಧ ರೇಡಿಯೇಟರೇ ಖಾಲಿಯಾಗುತ್ತಿತ್ತು. ಆ ತೂತನ್ನು ಕಾರು ಮಾಡಿದವರೇ ಬೇಕೆಂದು ಇಟ್ಟಿರುತ್ತಾರಂತೆ, ಒಳಗೆ ನೀರು ತಡೆಯುವ ಸೀಲು ಸವೆದಾಗ ಹೊರಗೆ ತಿಳಿಯಲಿ ಎಂದು. ದೂರು ಹೇಳಿಕೊಳ್ಳುವುದಕ್ಕೆಂದೇ ಒಂದು ಬಾಯಿ. ಎಷ್ಟು ಮರ್ಯಾದಸ್ಥರು ಎನಿಸಿತು.

ಇಂಜಿನ್ ಬಿಚ್ಚುವುದು ತಪ್ಪಿತು, ಪಂಪು ಬದಲಾಯಿತು. ಮುಂದಿನ ಶನಿವಾರ ಬೇಡ್ತಿ ಸೇತುವೆ ದಾಟಿ ಏರು ಹತ್ತಿದರೂ ಮುಳ್ಳು ನಡುವಿನಿಂದ ಅಲುಗಲಿಲ್ಲ. ಗೆದ್ದ ಖುಷಿಯಲ್ಲಿ ನಾನು ಉದಾರಿಯಾದೆ. "ಇನ್ನು ಮೇಲೆ ಎಂತ ಇದ್ರೂ ಬಾಯಿಬಿಟ್ಟು ಹೇಳವು" ಎಂದೆ.

ಮುಂದಿನ ತಿರುವು ಕಳೆದದ್ದೇ ಸರೋಜ ಬಾಯಿಬಿಟ್ಟಳು. "ಹಂಗಾರೆ ಹೇಳ್ತೆ. ನಿಂಗ ತಿರುವಲ್ಲಿ ಬ್ರೇಕು ಹಾಕ ಚಂದಕ್ಕೆ ಯಂಗೆ ಕಾರಲ್ಲೂ ವಾಂತಿ ಬಂದಂಗೆ ಆಗ್ತು. ಮೊದ್ಲಿಂದ್ಲೂ."

ಸ್ಟಿಯರಿಂಗ್ ಹಿಡಿದವರಿಗೆ ಹೊಟ್ಟೆ ತೊಳಸುವುದಿಲ್ಲವಂತೆ. ಆ ಬೇಸಿಗೆಯಲ್ಲಿ ಕೊಯ್ಲಾದ ಗದ್ದೆಯಲ್ಲಿ ಅವಳು ಓಡಿಸುವುದು ಕಲಿತಳು. ಈಗ ಯಲ್ಲಾಪುರಕ್ಕೆ ತಿಂಗಳಿಗೆರಡು ಸಲ, ನನ್ನ ಬಿಡುವು ಕೇಳದೆ, ಅವಳೇ ಹೊರಡುತ್ತಾಳೆ. ಅವಳಿಗೆ ಏನೂ ಆಗುವುದಿಲ್ಲ. ಬಿಡುವಿದ್ದಾಗ ಪಕ್ಕದಲ್ಲಿ ಕೂತು ಹೋಗುವ ನನಗೆ ಮೂರನೆಯ ತಿರುವಿನಲ್ಲಿ ಸ್ವಲ್ಪ ತೊಳಸಿದಂತಾಗುತ್ತದೆ. ಇನ್ನೂ ಹೇಳಿಲ್ಲ. ಹೇಳಿದರೆ ನನ್ನನ್ನು ಮನೆಯಲ್ಲೇ ಬಿಟ್ಟು ಹೋದಾಳೆಂಬ ಹೆದರಿಕೆ.