ದಾಳಿಂಬೆ ಹೂವಿನ ಕಂಬಗಳು

ಹೊಸದಾಗಿ ಕಡೆದ ಸಾಗವಾನಿಯ ವಾಸನೆ ಎಲ್ಲೇ ಮೂಗಿಗೆ ತಾಗಲಿ, ಮುಂಬೈ ಕಾಂದಿವಲಿಯ ನಮ್ಮ ಚಾಳಿನ ಮನೆ ಕಣ್ಣಮುಂದೆ ಬರುತ್ತದೆ. ಕೆಲಸ ಮುಗಿಸಿ ಬಂದ ಅಬ್ಬಾ, ಅವರ ಹುಬ್ಬಿನಲ್ಲಿ ಕೂತ ಮರದ ಪುಡಿ, ಅದನ್ನು ಸೆರಗಿನಿಂದ ಒರೆಸಲು ಹೋಗಿ ಬೈಸಿಕೊಳ್ಳುವ ಅಮ್ಮಿ. ಅಂಥದೊಂದು ಮನೆ ಕಳೆದುಕೊಂಡವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ವಿಜಾಪುರದ ಕಡೆಯಿಂದ ಬಂದಿದ್ದ ಅಬ್ಬಾ ಒಂದು ಕಾರ್ಖಾನೆಯಲ್ಲಿ, ಮೆಟ್ಟಿಲ ಕಟಕಟೆಗೆ ಕೂಡಿಸುವ ಗಿಡ್ಡ ಕಂಬಗಳನ್ನು ಕಡೆಯುತ್ತಿದ್ದರು. ಕೆಳಗೆ ಗುಂಡು ಹೊಟ್ಟೆ, ಮೇಲೆ ಸಣ್ಣ ಕತ್ತು. ಕಾಂಟ್ರಾಕ್ಟರು ಅವನ್ನು ‘ಬಲಸ್ಟರ್’ ಅನ್ನುತ್ತಿದ್ದರು. ಅಬ್ಬಾ ಬಾಯಲ್ಲಿ ಅದು ‘ಬಲಿಷ್ಠರ್’. ಕೈಯೂರಿದವರನ್ನು ಬೀಳಗೊಡದ ಕಂಬ ಬಲಿಷ್ಠವಲ್ಲದೆ ಇನ್ನೇನು, ಇಂಗ್ಲಿಷರು ಆ ಶಬ್ದವನ್ನು ನಮ್ಮಿಂದಲೇ ಒಯ್ದರೆಂದು ಚಾಳಿಗೆಲ್ಲ ಹೇಳುತ್ತಿದ್ದರು.

ನನ್ನ ಅಕ್ಕ ಜುಬೇದಾ ಆಪಾ ಮೆಟ್ರಿಕ್ ಪಾಸಾದಾಗ, ಸಯನ್‌ನಲ್ಲಿದ್ದ ಚಾಚಾ ಒಂದು ಸಂಬಂಧ ಹಿಡಿದುಕೊಂಡು ಬಂದರು. ಆಪಾಗೆ ಕಾಲೇಜು ಬೇಕಿತ್ತು. ಅಬ್ಬಾ ತಮ್ಮನ ಮಾತಿಗೆ ತಲೆಯಾಡಿಸುತ್ತ, ನಡುವೆ ಬಲಿಷ್ಠರ್ ಕಥೆ ತೆಗೆದರು. ಆಪಾ ಎದ್ದು ಹೊರಗೆ ಹೋದಳು. ಅಳಲು ಹೋದಳೆಂದುಕೊಂಡೆವು. ಚಾಳಿನ ಹಿಂದಿದ್ದ ದಾಳಿಂಬೆ ಗಿಡದಿಂದ ಅರೆಬಿರಿದ ಹೂವೊಂದನ್ನು ಕಿತ್ತು ತಂದು ಅಬ್ಬಾ ಎದುರು ಇಟ್ಟಳು. ಆ ಶಬ್ದದ ಬೇರು ಬಲವಲ್ಲ, ಈ ಹೂವು ಎಂದಳು. ಗ್ರೀಕರು ಕಾಡುದಾಳಿಂಬೆಯ ಹೂವಿಗೆ ಇಟ್ಟಿದ್ದ ಹೆಸರು ಇಟಲಿ, ಫ್ರಾನ್ಸ್ ಹಾದು ಇಂಗ್ಲಿಷಿಗೆ ಬರುವಷ್ಟರಲ್ಲಿ ಕಂಬದ ಹೆಸರಾಗಿತ್ತು, ಆಕಾರ ಒಂದೇ ಎಂಬ ಕಾರಣಕ್ಕೆ. ಶಾಲೆಯ ಡಿಕ್ಷನರಿಯಲ್ಲಿ ಓದಿದ್ದಳಂತೆ.

ಮನೆಯಲ್ಲಿ ದಖನಿ ಉರ್ದು ಆಡುವ ಅಣ್ಣತಮ್ಮಂದಿರು ಗಟ್ಟಿ ಮಾತಿಗೆ ಕನ್ನಡಕ್ಕೇ ಬರುತ್ತಿದ್ದರು.

“ಮೆಟ್ರಿಕ್‌ಗೇ ತಂದಿ ಮಾತು ತಪ್ಪಂತಾಳ. ಕಾಲೇಜ್ ಆದಮ್ಯಾಲ ಏನಂತಾಳ?” ಎಂದರು ಚಾಚಾ.

ಅಬ್ಬಾ ಹೂವನ್ನೆತ್ತಿ ದಪ್ಪ ಬೆರಳುಗಳ ನಡುವೆ ನಿಧಾನವಾಗಿ ತಿರುಗಿಸಿದರು. ಹೊಟ್ಟೆ, ಕತ್ತು, ಬಿಚ್ಚಿದ ತುಟಿ. ಅವರ ಮುಖದಲ್ಲಿ ನಗು ತಡವಾಗಿ ಬಂತು.

“ಇಷ್ಟು ವರ್ಷ ನಾ ಹೂವಾ ಕಡದೇನಿ, ಯಾರೂ ಹೇಳಲಿಲ್ಲ. ಈಕಿ ಹೇಳಿದ್ಲು. ಈಕಿ ಓದ್ತಾಳ.”

ಚಾಚಾ ಚಹಾ ಮುಟ್ಟದೆ ಎದ್ದರು. ಬಹುಕಾಲ ನಮ್ಮ ಮನೆಗೆ ಬರಲಿಲ್ಲ. ಅಬ್ಬಾ ಜಗ್ಗಲಿಲ್ಲ. ಕಾಲೇಜಿನ ಮೊದಲ ದಿನ ತಾವೇ ಆಪಾಳನ್ನು ಸ್ಟೇಷನ್‌ಗೆ ಕರೆದೊಯ್ದು, ಲೋಕಲ್ ಕಣ್ಮರೆಯಾಗುವವರೆಗೂ ನಿಂತಿದ್ದರು. ಆಪಾ ಇಂಗ್ಲಿಷ್ ಟೀಚರ್ ಆದಳು.

ಆ ಚಾಳು ಈಗಿಲ್ಲ. ಅಬ್ಬಾ, ಅಮ್ಮಿ ಇಲ್ಲ. ಹೋದ ವರ್ಷ ಆಪಾಳೂ ಹೋದಳು. ಅವಳನ್ನು ಮಣ್ಣಿಗೆ ಒಯ್ಯುವ ದಿನ ಅವಳಿದ್ದ ಬೊರಿವಲಿಯ ಬಿಲ್ಡಿಂಗಿನ ಕೆಳಗೆ ತಲೆ ನರೆತ ಹೆಂಗಸರು ತುಂಬಿ ನಿಂತಿದ್ದರು. ಎಲ್ಲರೂ ಅವಳಲ್ಲಿ ಕಲಿತವರು. ಒಬ್ಬರಿಗೂ ನಮ್ಮ ದಖನಿಯಾಗಲಿ ಕನ್ನಡವಾಗಲಿ ಬರದು. ಆದರೂ ನಾನು ಕರೆಯುತ್ತಿದ್ದ ಹಾಗೆಯೇ ಅವಳನ್ನು ಆಪಾ, ಆಪಾ ಎಂದು ಕರೆದು ಅಳುತ್ತಿದ್ದರು.