ಬಾಲ ಕತ್ತರಿಸಿದರೂ ಒಡೆಯದ ಸಂಖ್ಯೆ

ಇವತ್ತು ಕೋಲ್ಕತ್ತಾದ ಗರಿಯಾಹಾಟಿನಲ್ಲಿ ಬಸ್ಸು ಹತ್ತಿದೆ. ಕಂಡಕ್ಟರ್ ಬೆರಳ ಸಂದಿಯಿಂದ ಹರಿದುಕೊಟ್ಟ ತೆಳು ಟಿಕೆಟ್ಟನ್ನು ಎಂದಿನಂತೆ ಮುದುಡಲು ಹೊರಟವಳು, ಅದರ ನಂಬರು ನೋಡಿ ಸೀಟಿನಲ್ಲೇ ನೆಟ್ಟಗಾದೆ: 73939. ನಿಮಗೆ ಇದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ. ನಮ್ಮ ಸೋದರಮಾವನ ಕೈಕೆಳಗೆ ಬೆಳೆದಿದ್ದರೆ ನೀವೂ ನೆಟ್ಟಗಾಗುತ್ತಿದ್ದಿರಿ.

ಮಾವ ಉಡುಪಿ ಕಡೆಯಿಂದ ಬ್ಯಾಂಕಿನ ಕೆಲಸಕ್ಕೆಂದು ಕೋಲ್ಕತ್ತಾಕ್ಕೆ ಬಂದವರು. ಮದುವೆಯಾಗಲಿಲ್ಲ, ಆಗಿನಿಂದಲೂ ನಮ್ಮ ಮನೆಯಲ್ಲೇ ಇದ್ದಾರೆ. ಬಸ್ ಟಿಕೆಟ್ ಕೈಗೆ ಬಂದರೆ ಸಾಕು, ಅದರ ನಂಬರು ಮೂರರಿಂದ ಭಾಗವಾಗುತ್ತದೆಯೇ, ಏಳರಿಂದ, ಹನ್ನೊಂದರಿಂದ ಎಂದು ಮನಸ್ಸಿನಲ್ಲೇ ಪರೀಕ್ಷಿಸುವ ಚಟ. ಸಿಯಾಲ್ದಾದಲ್ಲಿ ಇಳಿಯಬೇಕಾದವರು ಹದಿನೇಳರ ಮಗ್ಗಿಯಲ್ಲಿ ಸಿಕ್ಕಿಕೊಂಡು ಡಮ್ ಡಮ್ ತಲುಪಿದ್ದೂ ಉಂಟು. "ದಾದಾ, ನಾಮ್ಬೇನ್ ನಾ?" ಇಳಿಯೋದಿಲ್ಲವೇ ಎಂದು ಕಂಡಕ್ಟರ್ ಕೂಗಿದರೆ, "ದಾಡಾನ್, ಏಕ್‌ಟು ಬಾಕಿ!" ತಾಳಿ, ಸ್ವಲ್ಪ ಬಾಕಿಯಿದೆ ಎಂದು ಬಂಗಾಳಿಯಲ್ಲೇ ಅವನನ್ನು ತಡೆಯುತ್ತಿದ್ದರು. ಬಾಕಿಯಿದ್ದದ್ದು ಭಾಗಾಕಾರ.

ಲೆಕ್ಕದಲ್ಲಿ ನಾನು ಹೆಡ್ಡಿ. ಅಂಥವಳನ್ನೂ ಒಂದು ದಿನ ಕೂರಿಸಿ 73939133 ಎಂದು ಬರೆದರು. ಇದು ಅವಿಭಾಜ್ಯ, ಒಂದು ಮತ್ತು ಅದೇ ಸಂಖ್ಯೆ ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಒಡೆಯದು.

"ಈಗ ಬಲಗಡೆಯಿಂದ ಒಂದೊಂದೇ ಅಳಿಸು, ಮಾರಾಯ್ತಿ."

7393913. ಅದೂ ಒಡೆಯದು. 739391, ಅದೂ. 73939, 7393, 739, 73. ಕೊನೆಗೆ ಬರೀ 7. ಅದೂ ಒಡೆಯದು.

"ಇದಕ್ಕಿಂತ ದೊಡ್ಡದು ಇಂಥದ್ದು ಇಲ್ವಾ, ಮಾವ?"

"ಇಲ್ಲ. ಬಲಕ್ಕೆ ಇನ್ನು ಯಾವ ಅಂಕಿ ಸೇರಿಸಿದ್ರೂ ಒಡೀತದೆ. ಈ ಜಾತಿಯಲ್ಲಿ ಇದೇ ಕಡೇದು."

ಸಂಖ್ಯೆಗಳಿಗೆ ಕೊನೆಯಿಲ್ಲವಂತೆ, ಆದರೆ ಈ ಬಗೆಯದಕ್ಕೆ ಕೊನೆಯಿದೆ. ಯಾರೂ ಕೂತು ಮಾಡಿಟ್ಟದ್ದಲ್ಲ, ಯಾರಿಂದಲೂ ಬದಲಿಸಲೂ ಆಗದು. ನನಗೆ ಮೈ ಜುಮ್ಮೆಂದಿತ್ತು. ಈಗ ಬರೆಯುವಾಗಲೂ ಹಾಗೇ ಆಗುತ್ತಿದೆ.

ಮಾವನಿಗೆ ಈಗ ಮರೆವಿನ ಕಾಯಿಲೆ. ಮೊದಲು ಹೋದದ್ದು ಬಂಗಾಳಿ. ಆಮೇಲೆ ಹಿಂದಿ, ಅದರ ಹಿಂದೆಯೇ ಇಂಗ್ಲಿಷ್. ಕೊನೆಗೆ ಕಲಿತದ್ದು ಮೊದಲು ಅಳಿಸಿಹೋಗುತ್ತ ಬಂದು, ಈಗ ಕನ್ನಡವೊಂದೇ ಉಳಿದಿದೆ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. "ಅಜ್ಜ ಕೋ ಮೇರಾ ಕುಛ್ ಸಮಝ್ ನಹೀ ಆತಾ, ಅಮ್ಮಾ" ನನ್ನ ಮಾತೊಂದೂ ಅಜ್ಜನಿಗೆ ತಿಳಿಯುವುದಿಲ್ಲ ಎಂದು ಹಿಂದಿಯಲ್ಲಿ ಅತ್ತವಳು ಅವರ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದಳು. ಒಂದೇ ಮನೆಯಲ್ಲಿ ಇವರಿಬ್ಬರೂ ಅಪರಿಚಿತರಾಗಿಬಿಡುತ್ತಾರೆಂದು ನನಗೆ ಭಯವಾಗಿತ್ತು.

ಸಂಜೆ ಟಿಕೆಟ್ಟನ್ನು ಅವಳಿಗೆ ಕೊಟ್ಟು ಗುಟ್ಟು ಹೇಳಿದೆ. ಅವಳು ಅದನ್ನು ಅಜ್ಜನ ಮುಂದೆ ಹಿಡಿದು, ಬಲಗಡೆಯಿಂದ ಒಂದೊಂದೇ ಅಂಕಿಯನ್ನು ಹೆಬ್ಬೆರಳಿನಿಂದ ಮುಚ್ಚುತ್ತ ಬಂದಳು. ಪ್ರತಿ ಸಲವೂ ಮಾವ ಒಡೆಯದೆಂಬಂತೆ ತಲೆಯಾಡಿಸಿದರು. ಏಳೊಂದೇ ಉಳಿಯಿತು.

"ಅಜ್ಜ... ಇದು ಒಡೀತದಾ?" ಮಗಳು ತಡವರಿಸುತ್ತ ಕನ್ನಡದಲ್ಲೇ ಕೇಳಿದಳು.

ಮಾವ ಅವಳ ಹೆಬ್ಬೆರಳನ್ನೇ ಹಿಡಿದುಕೊಂಡರು.

"ಎಲ್ಲಿಂದ ಒಡೀತದೆ ಮಾರಾಯ್ತಿ? ಕೂತ್ಕೊ."

ಅವಳು ಕೂತಳು. ನಾನು ಬಾಗಿಲಲ್ಲೇ ನಿಂತಿದ್ದೆ. ಟಿಕೆಟ್ಟನ್ನು ನನಗೆ ಯಾರೂ ವಾಪಸು ಕೊಡಲಿಲ್ಲ.